ತೊಡೆಯ ಗುಂಡು, ಕಪ್ತಾನನ ಚೀಟಿ: ಇಂಗ್ಲೆಂಡಿನ ಅಂತರ್ಯುದ್ಧದ ಒಬ್ಬ ಗಾಯಾಳು ಸಿಪಾಯಿಯ ವರ್ಷಾಶನ ಪ್ರಕರಣ

ಅರ್ಜಿದಾರ ನೇಕಾರ. ವಯಸ್ಸು 44. ಊರು ಇಂಗ್ಲೆಂಡಿನ ನೈಋತ್ಯಕ್ಕಿರುವ ಡೆವನ್ ಕೌಂಟಿಯಲ್ಲಿ, ಟಿವರ್ಟನ್ ಪೇಟೆಗೆ ಹತ್ತಿರದ ಒಂದು ಹಳ್ಳಿ. ಹೆಂಡತಿ, ಮೂವರು ಮಕ್ಕಳು. 1646ರ ಫೆಬ್ರವರಿ 16ರ ರಾತ್ರಿ ಟಾರಿಂಗ್ಟನ್ ಊರಿನಲ್ಲಿ, ದೊರೆ ಒಂದನೇ ಚಾರ್ಲ್ಸ್‌ನ ಕಾಲ್ದಳದಲ್ಲಿ ನಿಂತು ಕಾದಾಡುವಾಗ ಎಡತೊಡೆಗೆ ಗುಂಡು ಬಿತ್ತು. ಈಗ 1662ರ ಅಕ್ಟೋಬರ್. ಎಕ್ಸೆಟರ್ ಕೋಟೆಯಲ್ಲಿ ಕೂಡುವ ಕೌಂಟಿ ನ್ಯಾಯಸಭೆಯ ಮುಂದೆ ವರ್ಷಾಶನ ಬೇಡಿಕೊಂಡು ಬಂದಿದ್ದಾನೆ. ಗಾಯವಾಗಿ ಹದಿನಾರು ವರ್ಷ ದಾಟಿದೆ.

ಇವನಿಗೆ ಹೆಸರಿಟ್ಟಿಲ್ಲ, ಏಕೆಂದರೆ ಇವನು ಒಬ್ಬನಲ್ಲ. ಆ ಕಾಲದ ಕೌಂಟಿ ದಫ್ತರಗಳಲ್ಲಿ ಉಳಿದು ಬಂದಿರುವ ಸಿಪಾಯಿಗಳ ಅರ್ಜಿಗಳಲ್ಲಿ ಮೇಲಿಂದ ಮೇಲೆ ಕಾಣುವ ಸಂಗತಿಗಳನ್ನು ಒಬ್ಬನ ಹೆಗಲಿಗೆ ಹೊರಿಸಿ ಕಟ್ಟಿದ ಮಾದರಿ ಪ್ರಕರಣ ಇದು. ಯುದ್ಧ, ಕಾನೂನು, ದರ, ತಾರೀಖು ನಿಜವಾದವು; ಮನುಷ್ಯ, ಅವನ ಮನೆ, ಅವನಿಗೆ ಸಿಕ್ಕ ಆದೇಶಗಳು ಮಾದರಿ.

ಮೊದಲು ಗಾಯ. ಆಗಿನ ಮಸ್ಕೆಟ್ ಬಂದೂಕಿಗೆ ಒಂದು ಪೌಂಡ್ ಸೀಸದಲ್ಲಿ ಸುಮಾರು ಹನ್ನೆರಡರಂತೆ ಗುಂಡು ಎರಕ ಹೊಯ್ಯುತ್ತಿದ್ದರು. ಒಂದೊಂದೂ 38 ಗ್ರಾಂ ತೂಕ, ಮಕ್ಕಳಾಡುವ ಗೋಲಿಗಿಂತ ತುಸು ದಪ್ಪ. ಮೆತ್ತನೆಯ ಸೀಸ ಮೂಳೆಗೆ ತಾಗಿದರೆ ಚಪ್ಪಟೆಯಾಗಿ ಹರಡಿಕೊಳ್ಳುತ್ತದೆ, ಮೂಳೆ ಚೂರಾಗುತ್ತದೆ. ಆದರೆ ವರ್ಷಗಟ್ಟಲೆ ಕಾಡುವುದು ಸೀಸಕ್ಕಿಂತ ಹೆಚ್ಚಾಗಿ ಅದು ಒಳಗೆಳೆದುಕೊಂಡು ಹೋಗುವ ಬಟ್ಟೆ. ಚಲ್ಲಣದ ಉಣ್ಣೆಯ ತುಂಡು, ಒಳಗಿನ ನಾರುಬಟ್ಟೆಯ ತುಂಡು, ಬೆವರು, ಕೊಳೆ ಎಲ್ಲವೂ ಗುಂಡಿನ ಜೊತೆ ಮಾಂಸದೊಳಗೆ ಕೂರುತ್ತವೆ. ದೊರೆಯ ಪಡೆಯಲ್ಲಿ ಶಸ್ತ್ರವೈದ್ಯನಾಗಿದ್ದ ರಿಚರ್ಡ್ ವೈಸ್‌ಮನ್ ಕೂಡ ಇದನ್ನೇ ಒತ್ತಿ ಹೇಳಿದ: ಗಾಯ ಬಿಸಿಯಿರುವಾಗಲೇ ಬಟ್ಟೆ, ಮೂಳೆಚೂರು ಹುಡುಕಿ ತೆಗೆಯಬೇಕು, ತಡವಾದರೆ ಊದಿಕೊಂಡು ಕೈ ಹಾಕಲಾಗದು. ಟಾರಿಂಗ್ಟನ್‌ನಲ್ಲಿ ಆ ರಾತ್ರಿ ಯಾರಿಗೂ ಹುಡುಕುವ ಪುರುಸೊತ್ತಿರಲಿಲ್ಲ. ಊರ ಬಾಗಿಲಿನ ಅಡ್ಡಗಟ್ಟೆಗಳಲ್ಲಿ ಕತ್ತಲಲ್ಲೇ ಈಟಿಗೆ ಈಟಿ ತಾಗಿಸಿ ಹೊಡೆದಾಟ. ದೊರೆಯ ಪಡೆಯ ದಂಡನಾಯಕ ಹಾಪ್ಟನ್‌ನ ಮುಖಕ್ಕೇ ಈಟಿ ತಗುಲಿತು. ಅದರ ಮೇಲೆ, ಚರ್ಚಿನಲ್ಲಿ ಕೂಡಿಟ್ಟಿದ್ದ ಸುಮಾರು 80 ಪೀಪಾಯಿ ಮದ್ದು ಸಿಡಿದು, ಒಳಗೆ ಕೂಡಿಹಾಕಿದ್ದ ಸೆರೆಯಾಳುಗಳ ಸಮೇತ ಚರ್ಚು ಹಾರಿಹೋಯಿತು. ಉಳಿದ ಪಡೆ ಕಾರ್ನ್‌ವಾಲ್ ಕಡೆಗೆ ಓಡಿತು, ಮುಂದಿನ ತಿಂಗಳೇ ಟ್ರೂರೋ ಹತ್ತಿರ ಶರಣಾಯಿತು.

ನಮ್ಮ ಅರ್ಜಿದಾರನ ಗಾಯ ಮೇಲ್ನೋಟಕ್ಕೆ ಮಾಗಿತು, ಒಳಗೆ ಮಾಗಲಿಲ್ಲ. ವರ್ಷಕ್ಕೊಮ್ಮೆಯೋ ಎರಡು ಬಾರಿಯೋ ಕಲೆಯ ಪಕ್ಕ ಕೆಂಪಾಗಿ ಊದಿ, ಬಾಯಿ ಬಿಟ್ಟು, ಕೀವಿನ ಜೊತೆ ಅಕ್ಕಿಕಾಳಿನಷ್ಟು ಮೂಳೆಚೂರು ಹೊರಬೀಳುತ್ತದೆ, ಮತ್ತೆ ಮುಚ್ಚಿಕೊಳ್ಳುತ್ತದೆ. ನಮ್ಮ ಹಳ್ಳಿ ವೈದ್ಯರು ನಾಡಿವ್ರಣ ಎನ್ನುವ ಬಗೆಯದು. ಯೌವನದಲ್ಲಿ ಎರಡು ವಾರ ಮಲಗಿ ಎದ್ದರೆ ಆಗುತ್ತಿತ್ತು. ನಲವತ್ತು ದಾಟಿದ ಮೇಲೆ ಮೊಣಕಾಲು ಮಡಚುವುದೇ ಕಷ್ಟವಾಯಿತು.

ನೇಕಾರನಿಗೆ ಕಾಲು ಹೋದರೆ ಏನಾಗುತ್ತದೆಂದು ಇಳಕಲ್ಲಿನ ಗುಂಡಿಮಗ್ಗ ಕಂಡವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಲಾಳಿ ಎಸೆಯುವುದು ಕೈ, ಹಾಸಿನ ಎಳೆಗಳನ್ನು ಮೇಲೆ ಕೆಳಗೆ ಬಿಡಿಸುವುದು ಕಾಲು. ಡೆವನ್‌ನ ಸರ್ಜ್ ಉಣ್ಣೆಬಟ್ಟೆಯ ಮಗ್ಗದಲ್ಲೂ ಅದೇ ಕತೆ: ಎರಡೂ ಪಾದ ಸರದಿಯಂತೆ ತುಳಿಯುತ್ತಲೇ ಇರಬೇಕು. ಎಡಗಾಲು ಸೋತವನಿಗೆ ದಿನಕ್ಕೆ ಅರ್ಧ ಕೆಲಸವೂ ಏಳುವುದಿಲ್ಲ. ಅರ್ಜಿಯಲ್ಲಿ "ತೊಡೆಗೆ ಗುಂಡು ಬಿದ್ದಿದೆ" ಎಂದಷ್ಟೇ ಬರೆಸಿದವರಿಗಿಂತ "ತೊಡೆಗೆ ಗುಂಡು ಬಿದ್ದು ನನ್ನ ಕಸುಬು ಮಾಡಲಾರೆ" ಎಂದು ಬರೆಸಿದವರ ಅರ್ಜಿ ಗಟ್ಟಿ. ಕಾನೂನು ತೂಗುತ್ತಿದ್ದುದು ನೋವನ್ನಲ್ಲ, ದುಡಿಯುವ ಶಕ್ತಿಯನ್ನು. ಇವತ್ತು ನಮ್ಮ ಸೈನ್ಯದ ಮೆಡಿಕಲ್ ಬೋರ್ಡು ಅಂಗವೈಕಲ್ಯವನ್ನು ಶೇಕಡಾವಾರು ಬರೆಯುತ್ತದೆ, ಅದು ಸೇವೆಯಿಂದ ಬಂದದ್ದೇ ಅಥವಾ ಸೇವೆಯಿಂದ ಉಲ್ಬಣಿಸಿದ್ದೇ ಎಂದು ಕೇಳುತ್ತದೆ. 1662ರ ಸಭೆಯ ಬಳಿ ಅಂಥ ಅಳತೆಗೋಲು ಇರಲಿಲ್ಲ. ಕಲೆ ತೋರಿಸು ಎನ್ನುತ್ತಿದ್ದರು, ನೋಡುತ್ತಿದ್ದರು, ಒಂದು ಮೊತ್ತ ಹೇಳುತ್ತಿದ್ದರು.

ಹಾಗಾದರೆ ಹದಿನಾರು ವರ್ಷ ಇವನು ಏಕೆ ಬರಲಿಲ್ಲ? ಸಭೆಯಲ್ಲಿ ಏಳುವ ಮೊದಲ ಪ್ರಶ್ನೆ ಇದು. ಉತ್ತರ ಸುಲಭ: ಬರುವಂತಿರಲಿಲ್ಲ.

ಗಾಯಾಳು ಸಿಪಾಯಿಗೆ ಕೌಂಟಿಯ ತೆರಿಗೆಯಿಂದ ಹಣ ಕೊಡುವ ಏರ್ಪಾಟು ಇಂಗ್ಲೆಂಡಿನಲ್ಲಿ 1593ರಿಂದಲೇ ಇತ್ತು. ಒಂದನೇ ಎಲಿಜಬೆತ್ ರಾಣಿಯ ಕಾಲದ ಆ ಕಾಯಿದೆಯನ್ನು 1601ರಲ್ಲಿ ತಿದ್ದಿ ಗಟ್ಟಿ ಮಾಡಿದರು. ಸಾಮಾನ್ಯ ಸಿಪಾಯಿಗೆ ವರ್ಷಕ್ಕೆ 10 ಪೌಂಡ್‌ವರೆಗೆ, ಲೆಫ್ಟಿನೆಂಟ್‌ಗಿಂತ ಕೆಳಗಿನ ಅಧಿಕಾರಿಗೆ 15, ಲೆಫ್ಟಿನೆಂಟ್‌ಗೆ 20 ಪೌಂಡ್‌ವರೆಗೆ ಕೊಡಬಹುದಿತ್ತು. ಆದರೆ ಆ ಕಾಯಿದೆ ಮಾಡುವಾಗ ಯಾರೂ ಅಂತರ್ಯುದ್ಧವನ್ನು ಮನಸ್ಸಿನಲ್ಲಿ ಇಟ್ಟುಕೊಂಡಿರಲಿಲ್ಲ. ನೆದರ್ಲೆಂಡ್ಸ್‌ನಿಂದಲೋ ಐರ್ಲೆಂಡಿನಿಂದಲೋ ಮರಳಿ ಬರುವ ಸಿಪಾಯಿಗಳಿಗೆ ಹೊಲಿದ ಅಂಗಿ ಅದು. 1642ರಲ್ಲಿ ದೊರೆಯ ಕಡೆ, ಪಾರ್ಲಿಮೆಂಟಿನ ಕಡೆ ಎಂದು ದೇಶವೇ ಎರಡಾಗಿ ಹೊಡೆದಾಡಿದಾಗ ಪ್ರತಿ ಹಳ್ಳಿಯಲ್ಲೂ ಕುಂಟುವವರು ಹುಟ್ಟಿಕೊಂಡರು, ಅದೂ ಎರಡು ಪಕ್ಷಗಳವರು. ಗೆದ್ದ ಪಾರ್ಲಿಮೆಂಟು 1647ರ ಮೇ 28ರಂದು ಆಜ್ಞೆ ಹೊರಡಿಸಿ ತನ್ನ ಗಾಯಾಳುಗಳು, ವಿಧವೆಯರು, ತಬ್ಬಲಿ ಮಕ್ಕಳಿಗೆ ಇದೇ ಕೌಂಟಿ ನಿಧಿಯಿಂದ ಕೊಡಬೇಕೆಂದಿತು. ದೊರೆ ಕಡೆಯವರಿಗೆ ಬಾಗಿಲು ಮುಚ್ಚಿತು.

ಅರ್ಜಿದಾರನ ಹಳ್ಳಿಯಲ್ಲೇ ಇನ್ನೊಬ್ಬನನ್ನು ಊಹಿಸಿಕೊಳ್ಳಿ. ಅದೇ ರಾತ್ರಿ, ಅದೇ ಟಾರಿಂಗ್ಟನ್‌ನಲ್ಲಿ, ಅಡ್ಡಗಟ್ಟೆಯ ಆಚೆ ಬದಿಯಲ್ಲಿ, ಪಾರ್ಲಿಮೆಂಟಿನ ದಂಡನಾಯಕ ಫೇರ್‌ಫ್ಯಾಕ್ಸ್‌ನ ಪಡೆಯಲ್ಲಿದ್ದು ಕಾಲಿಗೆ ಗಾಯಗೊಂಡವನು. ಅವನಿಗೆ 1647ರ ಆಜ್ಞೆಯ ಪ್ರಕಾರ ವರ್ಷಕ್ಕೆ 40 ಶಿಲ್ಲಿಂಗ್ ಬರುತ್ತಿತ್ತು. ಈ ನೇಕಾರ ತನ್ನ ಪಾಲಿನ ತೆರಿಗೆ ಕಟ್ಟುತ್ತಾ ಅದನ್ನು ಹದಿಮೂರು ವರ್ಷ ನೋಡಿದ. 1660ರ ಮೇ ತಿಂಗಳಲ್ಲಿ, ಪಾರ್ಲಿಮೆಂಟಿನ ಕಡೆಯವರು ಶಿರಚ್ಛೇದ ಮಾಡಿದ್ದ ಒಂದನೇ ಚಾರ್ಲ್ಸ್‌ನ ಮಗ ಎರಡನೇ ಚಾರ್ಲ್ಸ್ ಮರಳಿ ಬಂದು ಸಿಂಹಾಸನ ಏರಿದ. ಪಾರ್ಲಿಮೆಂಟಿನ ಪಿಂಚಣಿದಾರರ ಹೆಸರುಗಳು ಕೌಂಟಿಯಿಂದ ಕೌಂಟಿಗೆ ಹೊಡೆದುಹೋದವು. 1662ರಲ್ಲಿ ಹೊಸ ಕಾಯಿದೆ ಬಂತು: ದೊರೆಗಾಗಿ ನಿಷ್ಠೆಯಿಂದ ಹೋರಾಡಿ ಅಂಗ ಊನವಾದವರು, ಮುದುಕರಾದವರು, ದುಡಿಯಲಾಗದೆ ಬಡತನಕ್ಕೆ ಬಿದ್ದವರು ಈಗ ಕೇಳಬಹುದು. ಪ್ಯಾರಿಷ್‌ಗಳ, ಅಂದರೆ ಒಂದೊಂದು ಚರ್ಚಿಗೆ ಸೇರಿದ ಊರುಗಳ, ಮೇಲೆ ಮೊದಲಿಗಿಂತ ಹೆಚ್ಚು ತೆರಿಗೆ ಹಾಕಲೂ ಅದು ಅವಕಾಶ ಕೊಟ್ಟಿತು. ನೆರೆಯವನ ಕಾಲು ಒಂದು ದಿನದಲ್ಲಿ ವಾಸಿಯಾಗಲಿಲ್ಲ, ಇವನ ಕಾಲು ಹೊಸದಾಗಿ ಮುರಿಯಲೂ ಇಲ್ಲ.

ಈಗ ಹಣದ ಲೆಕ್ಕಕ್ಕೆ ಬರೋಣ, ಏಕೆಂದರೆ ಸಭೆಯಲ್ಲಿ ಕೂತವರ ತಲೆಯಲ್ಲಿ ಓಡುವುದು ಇದೇ. ನಮ್ಮ ಹಳೆಯ ಆಣೆಗೆ 12 ಪೈ ಇದ್ದಂತೆ ಶಿಲ್ಲಿಂಗಿಗೆ 12 ಪೆನ್ನಿ. 20 ಶಿಲ್ಲಿಂಗಿಗೆ ಒಂದು ಪೌಂಡ್. 1601ರ ಕಾಯಿದೆಯಂತೆ ಒಂದು ಪ್ಯಾರಿಷ್ ವಾರಕ್ಕೆ ಕಡಿಮೆಯೆಂದರೆ 2 ಪೆನ್ನಿ, ಹೆಚ್ಚೆಂದರೆ 10 ಪೆನ್ನಿ ಕೊಡಬೇಕು. ಗರಿಷ್ಠ ದರದಲ್ಲಿ ವರ್ಷಕ್ಕೆ 520 ಪೆನ್ನಿ, ಅಂದರೆ 2 ಪೌಂಡ್ 3 ಶಿಲ್ಲಿಂಗ್ 4 ಪೆನ್ನಿ. ಒಂದು ಇಡೀ ಊರು ಹಿಂಡಿ ಕೊಟ್ಟ ಹಣ ವರ್ಷಕ್ಕೆ 2 ಪೌಂಡಿನ ಒಬ್ಬನೇ ಪಿಂಚಣಿದಾರನಿಗೆ ಸರಿಹೋಗುತ್ತದೆ. ಅದರ ಮೇಲೆ ಇನ್ನೊಂದು ಬಿಗಿ: ಐವತ್ತಕ್ಕಿಂತ ಹೆಚ್ಚು ಪ್ಯಾರಿಷ್‌ಗಳಿರುವ ಕೌಂಟಿಯಲ್ಲಿ ಸರಾಸರಿ ಪ್ಯಾರಿಷ್‌ಗೆ 6 ಪೆನ್ನಿ ಮೀರುವಂತಿಲ್ಲ. ಡೆವನ್‌ನಲ್ಲಿ ಪ್ಯಾರಿಷ್‌ಗಳು ನಾನೂರಕ್ಕೂ ಹೆಚ್ಚು. ಲೆಕ್ಕಕ್ಕೆ 400 ಎಂದೇ ಹಿಡಿಯೋಣ. ವಾರಕ್ಕೆ 6 ಪೆನ್ನಿಯಂತೆ ವರ್ಷಕ್ಕೆ 520 ಪೌಂಡ್. ಕಾಯಿದೆ ಹೇಳುವ 10 ಪೌಂಡನ್ನೇ ಕೊಡುತ್ತಾ ಹೋದರೆ 52 ಜನಕ್ಕೆ ಖಜಾನೆ ಬರಿದು. 2 ಪೌಂಡ್ ಕೊಟ್ಟರೆ 260 ಜನ. ಅದಕ್ಕೇ ಪುಸ್ತಕದಲ್ಲಿ 10 ಪೌಂಡ್ ಇದ್ದರೂ ಕೈಗೆ ಬರುತ್ತಿದ್ದುದು ಎರಡು, ಮೂರು, ಹೆಚ್ಚೆಂದರೆ ನಾಲ್ಕು ಪೌಂಡ್. 1662ರ ಕಾಯಿದೆ ಮಿತಿಯನ್ನು ಸಡಿಲಿಸಿದರೂ, ತೆರಿಗೆ ಏರಿಸುವವರೂ ಅದನ್ನು ಕಟ್ಟುವ ಜಮೀನುದಾರರೂ ಬಹುಮಟ್ಟಿಗೆ ಒಂದೇ ಬಳಗ. ಕೈ ಬಿಗಿಯಾಗಿಯೇ ಉಳಿಯಿತು.

ಎರಡು ಪೌಂಡ್ ಎಂದರೆ ಎಷ್ಟು? ಯುದ್ಧಕಾಲದಲ್ಲಿ ಪಾರ್ಲಿಮೆಂಟಿನ ಕಾಲ್ದಳದ ಸಿಪಾಯಿಗೆ ದಿನಕ್ಕೆ 8 ಪೆನ್ನಿ ಸಂಬಳ. ಆ ಲೆಕ್ಕದಲ್ಲಿ 2 ಪೌಂಡ್ ಅರವತ್ತು ದಿನದ ಸಂಬಳ. ವರ್ಷದ ಮಿಕ್ಕ ಮುನ್ನೂರೈದು ದಿನ ಅವನೇ ನೋಡಿಕೊಳ್ಳಬೇಕು. ದಿನಕ್ಕೆ ಹಂಚಿದರೆ ಒಂದೂಕಾಲು ಪೆನ್ನಿಯ ಮೇಲೆ ಚೂರು, ಒಬ್ಬನ ರೊಟ್ಟಿಗೆ ಸರಿ. ಇದನ್ನು ಬದುಕಿಗೆ ಆಧಾರ ಎನ್ನುವುದಕ್ಕಿಂತ ಮನೆಬಾಡಿಗೆಗೆ ಸಿಕ್ಕ ಸಹಾಯ ಎನ್ನುವುದು ಸರಿ. ಹೆಂಡತಿ ನೂಲು ತೆಗೆಯುವುದು, ದೊಡ್ಡ ಮಗ ಲಾಳಿಗೆ ನೂಲು ಸುತ್ತಿ ಕೊಡುವುದು ನಿಲ್ಲಿಸುವಂತಿರಲಿಲ್ಲ.

ನಮ್ಮ ಶಾಸನಗಳಲ್ಲಿ ನೆತ್ತರುಗೊಡಗೆ ಎಂದು ಓದುತ್ತೇವಲ್ಲ, ಕಾಳಗದಲ್ಲಿ ಸತ್ತವನ ಮನೆಯವರಿಗೆ ಬಿಟ್ಟುಕೊಟ್ಟ ಭೂಮಿ. ಅಲ್ಲಿ ಕೊಟ್ಟದ್ದು ನೆಲ, ವರ್ಷವರ್ಷ ಯಾರ ಬಾಗಿಲಿಗೂ ಹೋಗಿ ಕೇಳಬೇಕಿಲ್ಲ. ಡೆವನ್‌ನ ಸಿಪಾಯಿಗೆ ಸಿಗುವುದು ವಾರವಾರ ಊರವರಿಂದ ಎತ್ತಿದ ಚಿಲ್ಲರೆ. ಕೊಡುವವರು ಪಕ್ಕದ ಮನೆಯವರೇ, ಗೊಣಗುವವರೂ ಅವರೇ.

ಇನ್ನು ಕಾಗದ. ಪ್ರಕರಣ ನಿಲ್ಲುವುದೂ ಬೀಳುವುದೂ ಇಲ್ಲಿ. 1662ರ ಕಾಯಿದೆಗೆ ಬೇಕಾದ ಮುಖ್ಯ ದಾಖಲೆ ಕಪ್ತಾನನ ಅಥವಾ ಬೇರೊಬ್ಬ ಸನ್ನದು ಪಡೆದ ಅಧಿಕಾರಿಯ ಸರ್ಟಿಫಿಕೇಟು: ಇಂಥವನು ನನ್ನ ಕೈಕೆಳಗೆ ಇಂಥ ರೆಜಿಮೆಂಟಿನಲ್ಲಿದ್ದ, ನಿಷ್ಠನಾಗಿದ್ದ, ಇಂಥಲ್ಲಿ ಗಾಯಗೊಂಡ. ಕೇಳಲು ಸರಳ. ಆದರೆ ಸೋತ ಪಡೆಯ ಅಧಿಕಾರಿಗಳು ಹದಿನಾರು ವರ್ಷದ ಮೇಲೆ ಎಲ್ಲಿರುತ್ತಾರೆ? ದಂಡನಾಯಕ ಹಾಪ್ಟನ್ 1652ರಲ್ಲೇ ದೇಶಭ್ರಷ್ಟನಾಗಿ ಬ್ರೂಜ್‌ನಲ್ಲಿ ತೀರಿಕೊಂಡಿದ್ದ. ಎಷ್ಟೋ ಕಪ್ತಾನರು ಸತ್ತಿದ್ದರು, ಎಷ್ಟೋ ಮಂದಿ ದಂಡ ಕಟ್ಟಿ ಆಸ್ತಿ ಕಳೆದುಕೊಂಡು ಲಂಡನ್ನಿನಲ್ಲಿ ಕೆಲಸಕ್ಕಾಗಿ ಬಾಗಿಲು ಕಾಯುತ್ತಿದ್ದರು. ಬಡ ಅಧಿಕಾರಿಗಳಿಗೆಂದು ಪಾರ್ಲಿಮೆಂಟು ಬೇರೆಯೇ 60,000 ಪೌಂಡ್ ತೆಗೆದಿಟ್ಟಿತು. ಅದಕ್ಕೆ ಹಕ್ಕು ಹೇಳಿಕೊಂಡ ಐದು ಸಾವಿರಕ್ಕೂ ಹೆಚ್ಚು ಅಧಿಕಾರಿಗಳ ಪಟ್ಟಿ 1663ರಲ್ಲಿ ಅಚ್ಚಾಯಿತು, ಕರ್ನಲ್‌ಗಳ ಹೆಸರಿನ ಕೆಳಗೆ ರೆಜಿಮೆಂಟುವಾರು. ಸಾಮಾನ್ಯ ಸಿಪಾಯಿಗೆ ಆ ಹಣದಲ್ಲಿ ಚಿಕ್ಕಾಸೂ ಇಲ್ಲ. ಇವತ್ತು ಇಂಥ ಅರ್ಜಿಗಳನ್ನು ಪರಿಶೀಲಿಸುವವರಿಗೆ ಮಾತ್ರ ಆ ಪಟ್ಟಿ ಕೈದೀವಿಗೆ. ಅರ್ಜಿಯಲ್ಲಿ ಬರುವ ಕಪ್ತಾನ ನಿಜವಾಗಿ ಆ ಕರ್ನಲ್‌ನ ಕೈಕೆಳಗಿದ್ದನೇ ಎಂದು ತಾಳೆ ನೋಡಲು ಮೊದಲು ತೆರೆಯಬೇಕಾದದ್ದು ಅದೇ. ಪಟ್ಟಿಯಲ್ಲಿ ಹೆಸರಿಲ್ಲದ ಮಾತ್ರಕ್ಕೆ ಅರ್ಜಿ ಸುಳ್ಳೆಂದು ತೀರ್ಮಾನಿಸಬಾರದು. ಸತ್ತವರೂ ಹಣವಂತರೂ ಅದರಲ್ಲಿರುವುದಿಲ್ಲ.

ನಮ್ಮ ನೇಕಾರನ ಕಪ್ತಾನ ಸತ್ತಿದ್ದಾನೆ. ಲೆಫ್ಟಿನೆಂಟ್ ಬದುಕಿದ್ದು, ಮೂವತ್ತು ಮೈಲಿ ಆಚೆ ಸಣ್ಣ ಜಮೀನು ನೋಡಿಕೊಂಡಿದ್ದಾನೆ. ಕುಂಟುತ್ತಾ ಅಲ್ಲಿಗೆ ಹೋಗಿ ಚೀಟಿ ತರುವುದಕ್ಕೆ ಒಂದು ವಾರ. ಚೀಟಿಯಲ್ಲಿ ಇರಲೇಬೇಕಾದವು: ರೆಜಿಮೆಂಟಿನ ಹೆಸರು, ಎಂದಿನಿಂದ ಎಂದಿನವರೆಗೆ ಸೇವೆ, ಯಾವ ಕಾಳಗದಲ್ಲಿ ಯಾವ ಅಂಗಕ್ಕೆ ಗಾಯ, ಸಹಿ, ಮೊಹರು. ಲೆಫ್ಟಿನೆಂಟ್ ಅವಸರದಲ್ಲಿ "ದೊರೆಯ ಸೇವೆಯಲ್ಲಿ ಹಲವು ಗಾಯ ಪಡೆದ ಪ್ರಾಮಾಣಿಕ" ಎಂದಷ್ಟೇ ಬರೆದು ಕೊಟ್ಟರೆ ಅದು ಹೊಗಳಿಕೆಯಾಯಿತೇ ಹೊರತು ಸಾಕ್ಷ್ಯವಾಗಲಿಲ್ಲ. ಒಬ್ಬನೇ ಅಧಿಕಾರಿ ಒಂದೇ ಮಾತಿನಲ್ಲಿ ಹಲವರಿಗೆ ಬರೆದುಕೊಟ್ಟ ಚೀಟಿಗಳೂ ಇರುತ್ತಿದ್ದವು, ಸಭೆಗೆ ಅವುಗಳ ಮೇಲೆ ಕಣ್ಣು. ಅಧಿಕಾರಿಯೇ ಸಿಗದವರು ಜೊತೆಗಿದ್ದ ಇಬ್ಬರು ಸಿಪಾಯಿಗಳ ಪ್ರಮಾಣ, ಊರಿನ ದೊಡ್ಡಮನೆಯವರ ಸಹಿ ಕೂಡಿಸಿಕೊಂಡು ಬರುತ್ತಿದ್ದರು. ಸಿಕ್ಕರೆ ಸಿಕ್ಕಿತು. ಸುಳ್ಳು ಸರ್ಟಿಫಿಕೇಟು ಸಿಕ್ಕಿಬಿದ್ದರೆ ಮಾತ್ರ ಹಣ ಹೋಗುವುದಲ್ಲದೆ, 1601ರ ಕಾಯಿದೆಯ ಪ್ರಕಾರ ಪುಂಡಪೋಕರಿಗೆ ಕೊಡುವ ಶಿಕ್ಷೆಯೇ ಗತಿ.

ಎರಡನೇ ಕಾಗದ ಊರಿನದು. ಪಾದ್ರಿ ಮತ್ತು ಚರ್ಚಿನ ಆಡಳಿತ ನೋಡಿಕೊಳ್ಳುವ ಚರ್ಚ್‌ವಾರ್ಡನ್‌ಗಳು ಸಹಿ ಹಾಕಿ, ಇವನು ನಮ್ಮ ಪ್ಯಾರಿಷ್‌ನವನು, ಬಡವ, ನಡತೆ ಚೆನ್ನಾಗಿದೆ ಎನ್ನಬೇಕು. ಊರವರು ಇದಕ್ಕೆ ಸಂತೋಷದಿಂದಲೇ ಸಹಿ ಹಾಕುತ್ತಿದ್ದುದಕ್ಕೆ ಬೇರೊಂದು ಕಾರಣವಿತ್ತು. ಕೌಂಟಿ ನಿಧಿ ಹಣ ಕೊಡದಿದ್ದರೆ ಅವನು ಬಡವರ ಕಾನೂನಿನ ಪ್ರಕಾರ ಅದೇ ಪ್ಯಾರಿಷ್‌ನ ಮೇಲೆ ಬೀಳುತ್ತಾನೆ. ಕೌಂಟಿಯ ಹೆಗಲಿಗೆ ದಾಟಿಸಿದರೆ ಊರಿನ ಹೊರೆ ಇಳಿಯಿತು. ಅದೇ 1662ರಲ್ಲಿ ನೆಲೆಸಿಕೆಯ ಕಾಯಿದೆಯೂ ಬಂದು, ವರ್ಷಕ್ಕೆ 10 ಪೌಂಡಿಗಿಂತ ಕಡಿಮೆ ಬಾಡಿಗೆಯ ಮನೆ ಹಿಡಿದು ಹೊಸದಾಗಿ ಬಂದವರನ್ನು ನಲವತ್ತು ದಿನದೊಳಗೆ ದೂರು ಕೊಟ್ಟು ಅವರ ಮೂಲ ಪ್ಯಾರಿಷ್‌ಗೆ ಅಟ್ಟಬಹುದಾಯಿತು. ಯುದ್ಧ ಮುಗಿದ ಮೇಲೆ ಕೂಲಿ ಹುಡುಕಿಕೊಂಡು ಊರೂರು ಅಲೆದ ಸಿಪಾಯಿ ಇದರಲ್ಲಿ ಸಿಕ್ಕಿಕೊಳ್ಳುತ್ತಾನೆ. ಪಿಂಚಣಿಗೂ ಜಾಗದ ಪ್ರಶ್ನೆ ಇದ್ದೇ ಇದೆ: ಬಲವಂತವಾಗಿ ದಂಡಿಗೆ ಎಳೆದೊಯ್ದಿದ್ದರೆ ಆ ಕೌಂಟಿ; ತಾನಾಗಿ ಸೇರಿದ್ದರೆ ಹುಟ್ಟಿದ ಕೌಂಟಿ ಅಥವಾ ಕೊನೆಯ ಮೂರು ವರ್ಷ ನೆಲೆಸಿದ್ದ ಕೌಂಟಿ. ಡೆವನ್‌ನಲ್ಲಿ ಹುಟ್ಟಿ, ಸಾಮರ್ಸೆಟ್‌ನಲ್ಲಿ ಸೇರಿ, ಕಾರ್ನ್‌ವಾಲ್‌ನಲ್ಲಿ ಮದುವೆಯಾಗಿ ಡಾರ್ಸೆಟ್‌ನಲ್ಲಿ ಅರ್ಜಿ ಹಾಕಿದವನನ್ನು ನಾಲ್ಕು ಕೌಂಟಿಗಳೂ "ಅಲ್ಲಿಗೆ ಹೋಗು" ಎನ್ನಬಹುದು. ನಮ್ಮವನು ಹುಟ್ಟಿದ್ದೂ ಸೇರಿದ್ದೂ ಬದುಕಿದ್ದೂ ಡೆವನ್‌ನಲ್ಲೇ, ಆ ಮಟ್ಟಿಗೆ ಪುಣ್ಯವಂತ.

ಮೂರನೆಯದು ಅರ್ಜಿ. ಬಹುತೇಕ ಅರ್ಜಿದಾರರಿಗೆ ಬರೆಯಲು ಬಾರದು. ಬರೆಯುವವನು ಪೇಟೆಯ ಲಿಪಿಕಾರನೋ ವಕೀಲನ ಗುಮಾಸ್ತನೋ. ಒಂದೇ ಹಾಳೆ. ಮೇಲೆ ದಪ್ಪಕ್ಷರದಲ್ಲಿ ಸಭೆಯ ಮಾನ್ಯರಿಗೆ ಒಕ್ಕಣೆ, ಆಮೇಲೆ "ಇಂಥ ಊರಿನ ಇಂಥವನ ವಿನಮ್ರ ಬಿನ್ನವತ್ತಳೆ" ಎಂಬ ಸಾಲು. ಆಮೇಲೆ ಇಡೀ ಕತೆ ಮೂರನೆಯವನ ಮಾತಿನಲ್ಲಿ, "ನಿಮ್ಮ ಬಡ ಅರ್ಜಿದಾರನು" ಎನ್ನುತ್ತಾ ಒಂದೇ ಉದ್ದನೆಯ ವಾಕ್ಯದಲ್ಲಿ ಸಾಗುತ್ತದೆ: ಸೇವೆ, ಗಾಯ, ಅನುಭವಿಸಿದ ಸೆರೆ ಲೂಟಿ, ಕಸುಬು ನಿಂತದ್ದು, ಮಕ್ಕಳ ಸಂಖ್ಯೆ, ಬೇಡಿಕೆ. ಕೊನೆಗೆ, ಕೊಟ್ಟರೆ ನಿಮಗಾಗಿ ಎಂದೆಂದೂ ಪ್ರಾರ್ಥಿಸುತ್ತಾನೆ ಎಂಬ ಮುಕ್ತಾಯ. ಕೆಳಗೆ ಅವನ ಗುರುತು, ಒಂದು ಶಿಲುಬೆ ಗೀಟೋ ಹೆಸರಿನ ಮೊದಲಕ್ಷರವೋ. ನಮ್ಮ ತಾಲೂಕು ಕಚೇರಿಯ ಮುಂದೆ ಕೂತು ಅರ್ಜಿ ಬರೆದುಕೊಡುವವರ ಕೈಯಲ್ಲಿ ಎಲ್ಲ ಕಷ್ಟಗಳೂ ಒಂದೇ ಒಕ್ಕಣೆಗೆ ಇಳಿಯುವಂತೆ ಇಲ್ಲೂ ಇಳಿಯುತ್ತವೆ. ಹಾಗೆಂದು ಎಲ್ಲವೂ ಸವಕಲು ಮಾತೆಂದು ಪಕ್ಕಕ್ಕಿಟ್ಟರೆ ತಪ್ಪಾದೀತು. ಲಿಪಿಕಾರನ ಬಾಯಲ್ಲಿ ಹುಟ್ಟಲಾಗದ ಒಂದೆರಡು ವಿವರ, "ಕಳೆದ ಸುಗ್ಗಿಯಲ್ಲೂ ತೊಡೆಯಿಂದ ಮೂಳೆ ಬಂತು" ಎಂಬಂಥದ್ದು, ನಡುವೆ ಸಿಕ್ಕೇ ಸಿಗುತ್ತದೆ. ಪ್ರಕರಣದ ಜೀವ ಅದರಲ್ಲೇ.

ಪದಗಳ ಆಯ್ಕೆಯೂ ಸಾಮಾನ್ಯ ವಿಷಯವಲ್ಲ. 1650ರಲ್ಲಿ ಪಾರ್ಲಿಮೆಂಟಿನವನು ಬರೆಸಿದ ಅರ್ಜಿಯಲ್ಲಿ ಅದು ದೇಶದ ಸೇವೆ. 1662ರಲ್ಲಿ ಅದೇ ಯುದ್ಧ "ಈಚಿನ ದುರದೃಷ್ಟದ ಗಲಭೆ", ಎದುರಾಳಿ "ದಂಗೆಕೋರ", ಶಿರಚ್ಛೇದಗೊಂಡ ಚಾರ್ಲ್ಸ್ "ಪುಣ್ಯಸ್ಮರಣೆಯ ಮಹಾಪ್ರಭು". ಹೊಸ ಒಕ್ಕಣೆಯ ಪರಿಚಯವಿಲ್ಲದ ಲಿಪಿಕಾರ ಹಳೆಯ ಪದ ಉಳಿಸಿಬಿಟ್ಟರೆ ಅರ್ಜಿದಾರನ ಮೇಲೆ ಅನುಮಾನ.

ಅನುಮಾನಕ್ಕೆ ನಮ್ಮ ನೇಕಾರನಲ್ಲಿ ಒಂದು ಎಡೆಯೂ ಇತ್ತು. 1662ರ ಕಾಯಿದೆ ನಿಷ್ಠೆ ಕೇಳುತ್ತದೆ: ದೊರೆಯ ಪಡೆ ಬಿಟ್ಟು ಆಮೇಲೆ ಅವನ ವಿರುದ್ಧ ಆಯುಧ ಹಿಡಿದವನಿಗೆ ಏನೂ ಇಲ್ಲ. ಸೋತ ಪಡೆಯ ಕಾಲಾಳುಗಳು ಗೆದ್ದ ಪಡೆಗೆ ಸೇರುವುದು ಆಗ ಅಪರೂಪವಾಗಿರಲಿಲ್ಲ. ಹೊಟ್ಟೆಗಿಲ್ಲದವನಿಗೆ ದಿನಕ್ಕೆ 8 ಪೆನ್ನಿ ಎಲ್ಲಿಂದ ಬಂದರೇನು? ನೇಕಾರನ ತಮ್ಮ 1648ರಲ್ಲಿ ಪಾರ್ಲಿಮೆಂಟಿನ ದಂಡಿಗೆ ಸೇರಿದ್ದ. ಊರಿನ ಹೆಸರು, ಮನೆತನದ ಹೆಸರು ಒಂದೇ ಆದ್ದರಿಂದ ಯಾರೋ ಸಭೆಗೆ ಸುದ್ದಿ ಮುಟ್ಟಿಸಿದರು. ಹೀಗೆ ಅಣ್ಣ ತಮ್ಮಂದಿರ ಹೆಸರು ಕಲಸಿಹೋದರೆ ಬಿಡಿಸುವುದು ಊರಿನ ಕಾಗದವೇ. ದಾಖಲೆ ಓದುವವರೂ ಇಲ್ಲೇ ಎಡವುತ್ತಾರೆ. ಒಂದೇ ಪ್ಯಾರಿಷ್‌ನಲ್ಲಿ ಒಂದೇ ಹೆಸರಿನ ಇಬ್ಬರು ಇರುವುದು ಆ ಕಾಲದಲ್ಲಿ ತೀರಾ ಸಾಮಾನ್ಯ. ಕಸುಬು, ಗಾಯವಾದ ಅಂಗ, ಅಧಿಕಾರಿಯ ಹೆಸರು ಮೂರೂ ಹೊಂದದೆ ಎರಡು ದಾಖಲೆಗಳನ್ನು ಒಬ್ಬನದೆಂದು ಕೂಡಿಸಬಾರದು.

ಸಭೆ ವರ್ಷಕ್ಕೆ ನಾಲ್ಕೇ ಸಲ: ಜನವರಿಯಲ್ಲಿ ಎಪಿಫನಿ ಹಬ್ಬದ ವಾರ, ಈಸ್ಟರ್ ಆದ ಮೇಲೆ, ಜುಲೈ 7ರ ಆಸುಪಾಸು, ಸೆಪ್ಟೆಂಬರ್ 29ರ ಮೈಕಲ್‌ಮಸ್ ಕಳೆದ ವಾರ. ಕ್ವಾರ್ಟರ್ ಸೆಷನ್ಸ್ ಎಂಬ ಹೆಸರೇ ಅದಕ್ಕೆ. ಒಂದು ತಪ್ಪಿದರೆ ಮೂರು ತಿಂಗಳು ಕಾಯಬೇಕು. ನಡುವೆ ತೀರಾ ಹಸಿವಾದರೆ ಹೊಸ ಕಾಯಿದೆಯಲ್ಲಿ ಒಂದು ಕಿಂಡಿ ಇತ್ತು. ಇಬ್ಬರು ಜಸ್ಟಿಸ್ ಆಫ್ ದ ಪೀಸ್‌ಗಳು, ಅಂದರೆ ಈ ಸಭೆಯಲ್ಲಿ ಕೂರುವ ಸ್ಥಳೀಯ ನ್ಯಾಯಾಧಿಕಾರಿಗಳು, ಅರ್ಜಿದಾರನನ್ನೂ ಸಾಕ್ಷಿಗಳನ್ನೂ ಪ್ರಮಾಣದ ಮೇಲೆ ವಿಚಾರಿಸಿ, ಸರ್ಟಿಫಿಕೇಟು ನಿಜವೆಂದು ಕಂಡರೆ, ಮುಂದಿನ ಸಭೆಯವರೆಗೆ ತಾತ್ಕಾಲಿಕ ಹಣ ಕೊಡಿಸಬಹುದು. ಇದನ್ನು ಬಳಸಿಕೊಂಡವನಿಗೆ ಎರಡು ಲಾಭ. ಕೈಗೆ ನಾಲ್ಕು ಶಿಲ್ಲಿಂಗ್ ಬರುತ್ತದೆ. ದೊಡ್ಡ ಸಭೆಗೆ ಹೋಗುವಾಗ ಇಬ್ಬರು ಜಸ್ಟಿಸರು ಆಗಲೇ ಒಪ್ಪಿದ ಪ್ರಕರಣವಾಗಿ ಹೋಗುತ್ತದೆ. ನಮ್ಮವನು ಇದನ್ನೇ ಮಾಡಿದ, ತಮ್ಮನ ಗೊಂದಲವೂ ಅಲ್ಲೇ ಇತ್ಯರ್ಥವಾಯಿತು.

ಎಕ್ಸೆಟರ್‌ಗೆ ಊರಿನಿಂದ ಸುಮಾರು 15 ಮೈಲಿ. ಸಭೆಯ ದಿನ ಅಂಗಳದಲ್ಲಿ ಕಳ್ಳತನದ ಆರೋಪಿಗಳು, ಸೇತುವೆ ರಿಪೇರಿಯ ತಕರಾರಿನವರು, ಹೆಂಡದಂಗಡಿಯ ಲೈಸೆನ್ಸಿನವರು, ಬಸುರಿ ಮಾಡಿ ಓಡಿಹೋದವನನ್ನು ಹುಡುಕುವ ಊರಿನವರು ಎಲ್ಲರೂ ಜಮಾಯಿಸಿರುತ್ತಾರೆ. ಸಿಪಾಯಿಗಳ ಸರದಿ ಬರುವ ಹೊತ್ತಿಗೆ ಜಸ್ಟಿಸರಿಗೂ ಹಸಿವು. ಕರೆದಾಗ ಅರ್ಜಿದಾರ ಮುಂದೆ ಬಂದು, ಚಲ್ಲಣದ ಮೊಣಕಾಲ ಗುಂಡಿ ಬಿಚ್ಚಿ, ಮಡಚಿ ಮೇಲೆತ್ತಿ ತೊಡೆ ತೋರಿಸುತ್ತಾನೆ. ಗುಂಡು ಹೊಕ್ಕಲ್ಲಿ ಬೆರಳ ತುದಿ ಇಳಿಯುವಷ್ಟು ಕುಳಿ, ಪಕ್ಕದಲ್ಲಿ ಬಾಯ್ಬಿಟ್ಟು ಮುಚ್ಚಿದ ಎರಡು ಕಂದು ಕಲೆ, ಬಲಗಾಲಿಗೆ ಹೋಲಿಸಿದರೆ ಎಡತೊಡೆ ಸೊರಗಿ ಅರ್ಧವಾಗಿದೆ. ಶಸ್ತ್ರವೈದ್ಯನೊಬ್ಬ ಹತ್ತಿರ ಇದ್ದರೆ ಒಂದು ಮಾತು ಹೇಳುತ್ತಾನೆ, ಇಲ್ಲದಿದ್ದರೆ ಇಲ್ಲ. ಕಾಲು ನಿಮಿಷದ ಕೆಲಸ. ಉಳಿದ ಹೊತ್ತು ಹೋಗುವುದು ಚೀಟಿಯ ಸಹಿ ಯಾರದ್ದು ಎಂದು ಗುರುತಿಸಲು.

ಆದೇಶವನ್ನು ಅರ್ಜಿಯ ಅಡಿಯಲ್ಲೇ ಗೀಚುತ್ತಾರೆ, ಆಮೇಲೆ ಕ್ಲರ್ಕ್ ಆಫ್ ದ ಪೀಸ್ ಎಂಬ ಗುಮಾಸ್ತ ಆದೇಶ ಪುಸ್ತಕಕ್ಕೆ ಇಳಿಸುತ್ತಾನೆ. ಈ ಪ್ರಕರಣದ ಆದೇಶ: ಸದ್ಯಕ್ಕೆ ಒಂದು ಸಲಕ್ಕೆ 20 ಶಿಲ್ಲಿಂಗ್, ಪಿಂಚಣಿ ಜಾಗ ಖಾಲಿಯಾದಾಗ ನೋಡೋಣ. ನಿರಾಕರಣೆ ಎಂದು ಇದನ್ನು ಓದಬಾರದು. ನಿಧಿ ಮೊದಲೇ ತುಂಬಿ ತುಳುಕುತ್ತಿರುವಾಗ ಹೊಸಬನಿಗೆ ಸಿಗುವುದು ಹೀಗೆಯೇ, ಯಾರಾದರೂ ಸತ್ತ ಮೇಲೆ. ಅದಕ್ಕೇ ಜಾಣ ಅರ್ಜಿದಾರರು ಎರಡನೇ ಸಲ ಬರುವಾಗ ಖಾಲಿ ಜಾಗದ ಸುದ್ದಿಯನ್ನೂ ತರುತ್ತಿದ್ದರು: ಇಂಥ ಊರಿನ ಪಿಂಚಣಿದಾರ ತೀರಿಕೊಂಡಿದ್ದಾನೆ, ಅವನ ಜಾಗ ನನಗೆ ಕೊಡಿ. ಕ್ರೂರವಾಗಿ ಕಾಣುತ್ತದೆ. ಆದರೆ ಸತ್ತ ಸುದ್ದಿ ಖಜಾಂಚಿಗೆ ಮುಟ್ಟಲು ತಿಂಗಳುಗಟ್ಟಲೆ ಹಿಡಿಯುತ್ತಿದ್ದ ಕಾಲದಲ್ಲಿ ಪಟ್ಟಿ ಶುದ್ಧವಾಗಿ ಇಟ್ಟವರು ಈ ಕಾಯುತ್ತಿದ್ದವರೇ. ನಮ್ಮವನು 1664ರ ಈಸ್ಟರ್ ಸಭೆಗೆ ಅಂಥದೊಂದು ಹೆಸರು ಹಿಡಿದು ಹೋದ. ವರ್ಷಕ್ಕೆ 40 ಶಿಲ್ಲಿಂಗ್ ಮಂಜೂರಾಯಿತು, ಮೂರು ತಿಂಗಳಿಗೆ 10 ಶಿಲ್ಲಿಂಗಿನಂತೆ.

ಮಂಜೂರಾದದ್ದು ಕೈಗೆ ಬರುವ ದಾರಿ ಬೇರೆ. ಊರಿನ ಚರ್ಚ್‌ವಾರ್ಡನ್, ಕಾನ್‌ಸ್ಟೇಬಲ್ ಸೇರಿ ಮನೆಮನೆಯಿಂದ ಎತ್ತಬೇಕು. ಅವರು ಹಂಡ್ರೆಡ್ ಎಂಬ ವಿಭಾಗದ, ನಮ್ಮ ಹೋಬಳಿಯಂಥದ್ದರ, ಹೈ ಕಾನ್‌ಸ್ಟೇಬಲ್‌ಗೆ ಕೊಡಬೇಕು. ಅವನು ಕೌಂಟಿಯ ಖಜಾಂಚಿಗೆ ಮುಟ್ಟಿಸಬೇಕು. ಖಜಾಂಚಿ ಸಿಪಾಯಿಗೆ ಎಣಿಸಿ ಕೊಡಬೇಕು. ಈ ಸರಪಳಿಯಲ್ಲಿ ಎಲ್ಲಿ ಒಂದು ಕೊಂಡಿ ಜಾರಿದರೂ ಹಣ ನಿಲ್ಲುತ್ತದೆ. ಸಾಮಾನ್ಯವಾಗಿ ಜಾರುತ್ತಿದ್ದುದು ಮೊದಲ ಕೊಂಡಿ: ಊರು ಬಾಕಿ ಉಳಿಸಿಕೊಳ್ಳುತ್ತದೆ, ದಂಡದ ಬೆದರಿಕೆ ಬಂದ ಮೇಲೆ ಕಟ್ಟುತ್ತದೆ. ಖಜಾಂಚಿಗಳು ವರ್ಷ ವರ್ಷ ಬದಲಾಗುತ್ತಾರೆ. ಹಳಬ ಲೆಕ್ಕ ಒಪ್ಪಿಸದೆ ಹೋದರೆ ಹೊಸಬ "ನನ್ನ ಕಾಲದ ಬಾಕಿಯಲ್ಲ" ಎನ್ನುತ್ತಾನೆ. ಎರಡು ಕಂತು ತಪ್ಪಿದರೆ ಪಿಂಚಣಿದಾರ ಮತ್ತೊಂದು ಅರ್ಜಿ ಬರೆಸಬೇಕು, ಈ ಸಲ ಬಾಕಿಗಾಗಿ. ಬಾಕಿ ಬರುವವರೆಗೆ ಭಿಕ್ಷೆ ಬೇಡುವಂತೆಯೂ ಇಲ್ಲ. ಬೇಡಿ ಸಿಕ್ಕಿಬಿದ್ದರೆ ಪಿಂಚಣಿಯೇ ರದ್ದು, ಮೇಲೆ ಅಲೆಮಾರಿಗೆ ಕೊಡುವ ಶಿಕ್ಷೆ.

ಒಮ್ಮೆ ಕೊಟ್ಟದ್ದು ಕಾಯಂ ಎಂದೂ ಇಲ್ಲ. ನಿಧಿ ಕುಗ್ಗಿದಾಗ ಸಭೆ ಎಲ್ಲ ಪಿಂಚಣಿದಾರರನ್ನೂ ಚೀಟಿ ಸಮೇತ ಮತ್ತೆ ಹಾಜರಾಗಲು ಹೇಳುತ್ತಿತ್ತು. ಬಾರದವರ ಹೆಸರು ಹೊಡೆಯುತ್ತಿದ್ದರು, ಬಂದವರಲ್ಲಿ ಕೆಲವರ ಮೊತ್ತ ಇಳಿಸುತ್ತಿದ್ದರು. ಕಾಲು ಕೆಟ್ಟಷ್ಟೂ ಹಾಜರಾಗುವುದು ಕಷ್ಟ, ಹಾಜರಾಗದಿದ್ದರೆ ಕಾಲು ಕೆಟ್ಟಿದೆಯೆಂದು ನಂಬುವವರಿಲ್ಲ. ನಮ್ಮ ನೇಕಾರನ 40 ಶಿಲ್ಲಿಂಗ್ ಇಂಥದೊಂದು ಪರಿಶೀಲನೆಯಲ್ಲಿ 30 ಆಯಿತು. ಚೀಟಿ ಬರೆದುಕೊಟ್ಟ ಲೆಫ್ಟಿನೆಂಟ್ ಅಷ್ಟರಲ್ಲಿ ಸತ್ತಿದ್ದ. ಮೂಲ ಚೀಟಿಯನ್ನು ಎಣ್ಣೆಬಟ್ಟೆಯಲ್ಲಿ ಸುತ್ತಿ ಮನೆಯಲ್ಲೇ ಇಟ್ಟುಕೊಂಡಿದ್ದರಿಂದ ಪೂರ್ತಿ ಹೋಗಲಿಲ್ಲ. ಮೂಲವನ್ನು ಸಭೆಗೆ ಒಪ್ಪಿಸಿ ಬಂದವರಿಗೆ ಗುಮಾಸ್ತನ ಕಟ್ಟಿನಲ್ಲಿ ಅದನ್ನು ಹುಡುಕಿಸುವುದೇ ಇನ್ನೊಂದು ಕೆಲಸ.

ಅಡ್ಡಗಟ್ಟೆಯ ಆಚೆಯವನು ಏನಾದ? 1660ರಲ್ಲಿ ವಿಸರ್ಜನೆಯಾದ ಪಡೆಯ ಸಿಪಾಯಿಗಳು ಶಿಷ್ಯವೃತ್ತಿ ಮುಗಿಸದಿದ್ದರೂ ಪೇಟೆಗಳಲ್ಲಿ ಕಸುಬು ಮಾಡಬಹುದೆಂದು ಕಾಯಿದೆ ಬಂತು. ಅದು ಕೈಕಾಲು ಗಟ್ಟಿಯಿದ್ದವರಿಗೆ. ಅವನು ಪ್ಯಾರಿಷ್‌ನ ಬಡವರ ಪಟ್ಟಿಗೆ ಸೇರಿದ. ಅಲ್ಲಿ ವಾರಕ್ಕೆ ಆರು ಪೆನ್ನಿ, ಪಟ್ಟಿಯಲ್ಲಿ ಸಿಪಾಯಿ ಎಂಬ ಮಾತೇ ಇಲ್ಲ, ಬರೀ "ಕುಂಟ". ವರ್ಷಕ್ಕೆ ಲೆಕ್ಕ ಹಾಕಿದರೆ 26 ಶಿಲ್ಲಿಂಗ್, ನೇಕಾರನ ಇಳಿದ ಪಿಂಚಣಿಗಿಂತ ನಾಲ್ಕೇ ಶಿಲ್ಲಿಂಗ್ ಕಡಿಮೆ.

1662ರ ಕಾಯಿದೆ 1679ರಲ್ಲಿ ಅವಧಿ ಮುಗಿದು ಬಿದ್ದುಹೋಯಿತು. ಎಲಿಜಬೆತ್ ರಾಣಿಯ ಹಳೆಯ ಕಾಯಿದೆ ಉಳಿದಿದ್ದರಿಂದ ಪಟ್ಟಿಯಲ್ಲಿದ್ದವರಿಗೆ ಕೊಡುವುದು ನಿಲ್ಲಲಿಲ್ಲ, ಹೊಸಬರನ್ನು ಸೇರಿಸುವ ಉತ್ಸಾಹ ಕುಗ್ಗಿತು. ನೇಕಾರನಿಗೆ ಆಗ 61. ಮತ್ತೆರಡು ಚಳಿಗಾಲ ಕಳೆದು, ಜನವರಿ ಸಭೆಗೆ ವಾರವಿರುವಾಗ ತೀರಿಕೊಂಡ. ಹೆಂಡತಿ ಈಸ್ಟರ್ ಸಭೆಗೆ ಅರ್ಜಿ ಹಾಕಿದಳು, ಹೊಸ ಪಿಂಚಣಿಗಾಗಿ ಅಲ್ಲ, ಗಂಡ ಬದುಕಿದ್ದಾಗಲೇ ಬರಬೇಕಿದ್ದ ಕಂತಿಗಾಗಿ: 7 ಶಿಲ್ಲಿಂಗ್ 6 ಪೆನ್ನಿ, ಶವಸಂಸ್ಕಾರದ ಸಾಲ ತೀರಿಸಲು. ಅರ್ಜಿಯ ಅಡಿಯಲ್ಲಿ "ಖಜಾಂಚಿ ಕೊಡತಕ್ಕದ್ದು" ಎಂದು ಬರೆದಿದೆ. ಅದರ ಕೆಳಗೆ ಬೇರೆ ಶಾಯಿಯಲ್ಲಿ, ಅವನ ಜಾಗಕ್ಕೆ ನೇಮಕವಾದ ಇನ್ನೊಬ್ಬನ ಹೆಸರು.